ಹೆರಿಗೆ ಕೋಣೆಯಲ್ಲಿ ನಾನು ಆಡಬಾರದಿದ್ದ ಒಂದು ಮಾತು

ನಾನು ಡೌಲಾ. ಹೆರಿಗೆ ನೋವು ಶುರುವಾದಾಗಿನಿಂದ ಮಗು ಎದೆಗೆ ಬರುವವರೆಗೆ ಹೆಂಗಸಿನ ಜೊತೆಗಿರುವುದು ನನ್ನ ಕೆಲಸ. ಸೂಲಗಿತ್ತಿಯ ಕೆಲಸ ಬೇರೆ, ನನ್ನದು ಬೇರೆ. ನಾನು ಒಳಪರೀಕ್ಷೆ ಮಾಡುವುದಿಲ್ಲ, ಬಿಪಿ ನೋಡುವುದಿಲ್ಲ, ಮಗುವಿನ ಎದೆಬಡಿತ ಕೇಳುವುದಿಲ್ಲ, ಔಷಧಿ ಹೇಳುವುದಿಲ್ಲ. ಅವೆಲ್ಲ ಡಾಕ್ಟರ್, ನರ್ಸ್‌ಗಳ ಕೆಲಸ. ಆದರೆ ಅವರಿಗೆ ಬೇರೆ ಕೋಣೆಗಳೂ ಇರುತ್ತವೆ, ಪಾಳಿ ಮುಗಿದರೆ ಮನೆಗೂ ಹೋಗಬೇಕು. ನಾನು ಎಲ್ಲಿಗೂ ಹೋಗುವುದಿಲ್ಲ.

ಈ ಕೆಲಸಕ್ಕೆ ಬಂದ ಎರಡನೇ ವರ್ಷದಲ್ಲಿ ನಾನೊಂದು ತಪ್ಪು ಮಾಡಿದೆ. ಹೊಸದಾಗಿ ಡೌಲಾ ಆಗುವವರಿಗೆ ಮೊದಲು ಹೇಳಬೇಕು ಅನ್ನಿಸುವುದು ಅದನ್ನೇ.

ಅವಳಿಗೆ ಮೊದಲ ಹೆರಿಗೆ. ಏಳನೇ ತಿಂಗಳಿನಿಂದ ನಮ್ಮ ಪರಿಚಯ. ತನ್ನ ಹೆರಿಗೆ ಹೇಗಿರಬೇಕು ಅಂತ ಒಂದು ಹಾಳೆಯಲ್ಲಿ ಬರೆದು ತಂದಿದ್ದಳು. ಮೂರನೇ ಸಾಲು ಹೀಗಿತ್ತು: "ಎಪಿಡ್ಯೂರಲ್ ಬೇಡ. ನಾನೇ ಕೇಳಿದರೂ ಬೇಡ." ಎಪಿಡ್ಯೂರಲ್ ಅಂದರೆ ಬೆನ್ನಿಗೆ ಚುಚ್ಚಿ ಕೊಡುವ ನೋವಿನ ಔಷಧಿ. ಆ ಸಾಲು ಓದಿ ನನಗೆ ಖುಷಿಯಾಯಿತು. ಆ ಖುಷಿ ಯಾಕೆ ಬಂತು ಅಂತ ಅವತ್ತೇ ಯೋಚಿಸಬೇಕಿತ್ತು. ನೋವಿನ ಔಷಧಿ ಇಲ್ಲದೆ ಹೆರುವುದೇ ಒಳ್ಳೆಯ ಹೆರಿಗೆ ಅಂತ ನನ್ನೊಳಗೊಂದು ಎಣಿಕೆ ಇತ್ತು. ಅವಳ ಹಾಳೆ ಅದಕ್ಕೆ ಸರಿಹೊಂದಿತು, ಅಷ್ಟೇ.

ನೋವು ಶುರುವಾದದ್ದು ಬೆಳಿಗ್ಗೆ. ಮಗುವಿನ ತಲೆಯ ಹಿಂಭಾಗ ತಾಯಿಯ ಬೆನ್ನುಮೂಳೆಯ ಕಡೆಗಿತ್ತು. ಹಾಗಿದ್ದಾಗ ನೋವು ಹೊಟ್ಟೆಗಿಂತ ಸೊಂಟದಲ್ಲೇ ಜಾಸ್ತಿ ಬರಬಹುದು, ಎರಡು ನೋವಿನ ನಡುವೆಯೂ ಪೂರ್ತಿ ಬಿಡದೆ ಇರಬಹುದು. ನಾನು ಗೊತ್ತಿರುವುದನ್ನೆಲ್ಲ ಮಾಡಿದೆ. ಮಂಡಿ ಮತ್ತು ಕೈ ಊರಿ ಬಾಗಿಸಿದೆ, ಬಿಸಿನೀರಿನ ಚೀಲ ಇಟ್ಟೆ. ನೋವು ಬಂದಾಗಲೆಲ್ಲ ಅಂಗೈಯ ಬುಡದಿಂದ ಸೊಂಟದ ಕೆಳಗಿನ ಮೂಳೆಯನ್ನು ಬಲವಾಗಿ ಒತ್ತಿ ಹಿಡಿದೆ. ಅವಳ ಗಂಡನಿಗೂ ಒತ್ತುವುದು ಕಲಿಸಿದೆ. ಇಬ್ಬರ ಕೈಯೂ ಸೋತಿತ್ತು. ರಾತ್ರಿ ಹತ್ತರ ಹೊತ್ತಿಗೆ ಗರ್ಭಕೋಶದ ಬಾಯಿ 6 ಸೆಂಟಿಮೀಟರ್ ತೆರೆದಿದೆ ಅಂದರು.

ಅವಳು ನನ್ನ ಮಣಿಕಟ್ಟು ಹಿಡಿದು, "ಅಕ್ಕಾ, ಸಾಕು. ಎಪಿಡ್ಯೂರಲ್ ಕೊಡಿಸಿ" ಅಂದಳು.

ನಾನು, "ಇನ್ನೊಂದು ಸ್ವಲ್ಪ ಹೊತ್ತು ನೋಡೋಣ. ಎಷ್ಟು ಚೆನ್ನಾಗಿ ತಡೆದುಕೊಂಡಿದ್ದೀಯ" ಅಂದೆ.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದಳು. ನಾನು ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲ ಅವಳು ನನ್ನನ್ನು ಕೇಳಲೇ ಇಲ್ಲ, ಗೋಡೆ ಕಡೆ ತಿರುಗಿ ಮಲಗಿದಳು. ಒಂದು ಗಂಟೆಯ ನಂತರ ನರ್ಸ್ ಬಂದು, "ನಿಮಗೆ ಏನು ಬೇಕು ಹೇಳಿ" ಅಂತ ನೇರವಾಗಿ ಅವಳನ್ನೇ ಕೇಳಿದರು. ಅವಳು ಹೇಳಿದಳು. ಎಪಿಡ್ಯೂರಲ್ ಕೊಟ್ಟ ಮೇಲೆ ಎರಡು ಗಂಟೆ ನಿದ್ದೆ ಮಾಡಿದಳು, ಬೆಳಗಿನ ಜಾವ ಹೆತ್ತಳು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಎಲ್ಲ ಸರಿಹೋಯಿತು ಅಂದುಕೊಂಡೆ.

ಆರು ವಾರದ ನಂತರ ಅವಳನ್ನು ನೋಡಲು ಹೋದೆ. ಹೆರಿಗೆಯ ಬಗ್ಗೆ ಕೂತು ಮಾತಾಡುವುದೂ ನಮ್ಮ ಕೆಲಸದ ಒಂದು ಭಾಗ. ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ನಿಧಾನವಾಗಿ ಹೇಳಿದಳು: "ನೋವು ಈಗ ಅಷ್ಟು ನೆನಪಿಲ್ಲ ಅಕ್ಕಾ. ನಾನು ಕೇಳಿದಾಗ ನೀವು ಕೇಳಿಸಿಕೊಳ್ಳಲಿಲ್ಲವಲ್ಲ, ಅದು ನೆನಪಿದೆ. ಆಮೇಲೆ ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದ ಹಾಗಾಯಿತು."

ನಾನು ಅವಳ ಬೆನ್ನ ಹಿಂದೆಯೇ ಇದ್ದೆ. ಹದಿನೈದು ಗಂಟೆ ಇದ್ದೆ. ಆದರೂ ಅವಳು ಒಬ್ಬಳೇ ಆಗಿದ್ದಳು.

ನಮ್ಮ ಕೆಲಸದ ಬೇರು ಇರುವುದೇ ಇಲ್ಲಿ. ಮಾರ್ಷಲ್ ಕ್ಲಾಸ್ ಮತ್ತು ಜಾನ್ ಕೆನೆಲ್ ಎಂಬ ಮಕ್ಕಳ ಡಾಕ್ಟರುಗಳು ಗ್ವಾಟೆಮಾಲಾದಲ್ಲಿ ಸಂಗಡಿಗರ ಜೊತೆ ಮಾಡಿದ ಅಧ್ಯಯನ 1980ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೆರುವವರ ಜೊತೆ ಕೂರಿಸಿದ ಹೆಂಗಸರು ತರಬೇತಿ ಪಡೆದವರಲ್ಲ, ಮೊದಲು ಪರಿಚಯ ಇದ್ದವರೂ ಅಲ್ಲ. ಬೆನ್ನು ಉಜ್ಜುವುದು, ಕೈ ಹಿಡಿಯುವುದು, ಮಾತಾಡಿಸುವುದು, ಇಷ್ಟೇ ಅವರ ಕೆಲಸ. ತೊಡಕಿಲ್ಲದೆ ಹೆತ್ತವರಲ್ಲಿ ಆಸ್ಪತ್ರೆಗೆ ಸೇರಿದಾಗಿನಿಂದ ಹೆರಿಗೆಯವರೆಗೆ, ಜೊತೆ ಇದ್ದವರಿಗೆ ಸರಾಸರಿ 8.8 ಗಂಟೆ, ಇಲ್ಲದವರಿಗೆ 19.3 ಗಂಟೆ ಹಿಡಿದಿತ್ತು. ಅದು ಸಣ್ಣ ಅಧ್ಯಯನ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡುವ ಕೊಕ್ರೇನ್ ಸಂಸ್ಥೆಯ 2017ರ ಪರಿಶೀಲನೆ 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮಾಹಿತಿ ಸೇರಿಸಿ ನೋಡಿದಾಗ ಉಳಿತಾಯವಾದ ಸಮಯ ಸುಮಾರು 40 ನಿಮಿಷಕ್ಕೆ ಇಳಿಯಿತು. ಆದರೆ ಸಿಸೇರಿಯನ್ ಕಡಿಮೆ, ನೋವಿನ ಔಷಧಿಯ ಬಳಕೆ ಕಡಿಮೆ, "ನನ್ನ ಹೆರಿಗೆ ಕೆಟ್ಟ ಅನುಭವ" ಅನ್ನುವವರೂ ಕಡಿಮೆ ಅಂತ ಅದರಲ್ಲೂ ಕಂಡಿತು. ತನಗೆ ಬೇಕಾದವರೊಬ್ಬರು ಹೆರಿಗೆಯುದ್ದಕ್ಕೂ ಜೊತೆಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಎಲ್ಲ ಹೆಂಗಸರಿಗೂ ಶಿಫಾರಸು ಮಾಡಿತು.

"ನೋವಿನ ಔಷಧಿ ಕಡಿಮೆ" ಅನ್ನುವುದನ್ನು ನಾನು ತಲೆಕೆಳಗಾಗಿ ಓದಿಕೊಂಡಿದ್ದೆ. ಜೊತೆ ಸಿಕ್ಕಿದ್ದರಿಂದ ಕೆಲವರಿಗೆ ಔಷಧಿಯ ಅಗತ್ಯ ಬೀಳಲಿಲ್ಲ ಅಂತ ಅದರ ಅರ್ಥ. ಔಷಧಿ ಬೇಕು ಅನ್ನುವವರನ್ನು ತಡೆಯಬೇಕು ಅಂತ ಅಲ್ಲ. ಡೌಲಾ ಅನ್ನುವುದು ಗ್ರೀಕ್ ಪದ, ಸೇವಕಿ ಅಂತ ಅರ್ಥ. ಆ ರಾತ್ರಿ ನಾನು ಸೇವೆ ಮಾಡಿದ್ದು ಒಂದು ಹಾಳೆಗೆ.

ಈಗ ಪೆನ್ನಿ ಸಿಮ್ಕಿನ್ ಹೇಳಿಕೊಟ್ಟ ಎರಡು ವಿಷಯಗಳನ್ನು ಬಿಡದೆ ಪಾಲಿಸುತ್ತೇನೆ. ದಶಕಗಳ ಕಾಲ ಈ ಕೆಲಸ ಕಲಿಸಿದವರು ಅವರು. ಹೆತ್ತು 15-20 ವರ್ಷವಾದ ಹೆಂಗಸರನ್ನು ಮಾತಾಡಿಸಿ, ಅವರಿಗೆ ಮೊದಲ ಹೆರಿಗೆ ಎಷ್ಟು ನಿಚ್ಚಳವಾಗಿ ನೆನಪಿದೆ ಅಂತ 1991ರಲ್ಲಿ ಬರೆದವರು.

ಮೊದಲನೆಯದು, ನೋವು ಬೇರೆ, ನರಳಾಟ ಬೇರೆ. ಹೆರುವವಳು ತೂಗಾಡುತ್ತಾ, ಒಂದೇ ರಾಗದಲ್ಲಿ ಮುಲುಕುತ್ತಾ, ಉಸಿರು ಎಣಿಸುತ್ತಾ ಇದ್ದರೆ ನೋವು ಎಷ್ಟೇ ಇರಲಿ, ಅವಳು ಅದರ ಜೊತೆ ಸಾಗುತ್ತಿದ್ದಾಳೆ. ಆ ಲಯ ಮುರಿದು, ಮೈ ಬಿಗಿದು, ಕಣ್ಣಲ್ಲಿ ಹೆದರಿಕೆ ಬಂದು, ನಾವು ಮತ್ತೆ ಲಯ ಹಿಡಿಸಲು ನೋಡಿದರೂ ಆಗದಿದ್ದರೆ ಅದು ನರಳಾಟ. ಗೋಡೆಗೆ ತಿರುಗಿದ ಆ ಬೆನ್ನಲ್ಲಿ ಲಯ ಇರಲಿಲ್ಲ. ನಾನು ನೋಡಲಿಲ್ಲ.

ಎರಡನೆಯದು, ಗುಟ್ಟಿನ ಪದ. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮುಂಚಿನ ಘಟ್ಟದಲ್ಲಿ ಮೈ ನಡುಗಿ, ವಾಂತಿ ಬಂದು, "ನನ್ನ ಕೈಲಿ ಆಗಲ್ಲ, ಮನೆಗೆ ಕರೆದುಕೊಂಡು ಹೋಗಿ" ಅನ್ನುವವರು ಬಹಳ ಜನ. ಆ ಮಾತಿಗೆಲ್ಲ ಎದ್ದು ಓಡಿದರೆ ಅವಳಿಗೇ ಧೈರ್ಯ ಹೋಗುತ್ತದೆ. ಕಿವಿಗೆ ಹಾಕಿಕೊಳ್ಳದಿದ್ದರೆ ನನ್ನ ತಪ್ಪೇ ಮತ್ತೆ ಆಗುತ್ತದೆ. ಅದಕ್ಕೆ ಮೊದಲೇ ಒಂದು ಪದ ಗೊತ್ತುಮಾಡಿಕೊಳ್ಳುತ್ತೇವೆ. ಏನು ಬೇಕಾದರೂ ಕೂಗು, ಬೈ, ಅಳು, ನಾನು ಧೈರ್ಯ ಹೇಳುತ್ತಲೇ ಇರುತ್ತೇನೆ. ಆ ಪದ ಬಂದರೆ ಮಾತ್ರ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ, ನರ್ಸ್ ಹತ್ತಿರ ಹೋಗುತ್ತೇನೆ. ಕೊಡಬಹುದೋ ಇಲ್ಲವೋ ಅನ್ನುವುದು ಡಾಕ್ಟರ್ ನಿರ್ಧಾರ. ಅವಳ ಮಾತು ಅವರಿಗೆ ತಲುಪುವುದು ತಡವಾಗಬಾರದು. ಎಪಿಡ್ಯೂರಲ್ ಆದ ಮೇಲೂ ಕೆಲಸ ಬೇಕಾದಷ್ಟಿರುತ್ತದೆ: ಮಗ್ಗುಲು ಬದಲಿಸುವುದು, ಮಂಡಿಗಳ ನಡುವೆ ಚೆಂಡು ಇಡುವುದು, ಅವಳು ಮಲಗಿದಾಗ ಕೋಣೆ ಸದ್ದಿಲ್ಲದಂತೆ ನೋಡಿಕೊಳ್ಳುವುದು.

ಒಬ್ಬಳು ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದಿರುವಾಗಲೇ ಪದ ಹೇಳಿದಳು. ಹೋಗಿ ಹೇಳಿದೆ, ಕೊಟ್ಟರು, ಮಲಗಿದಳು. ಅವಳ ಹೆರಿಗೆ ಅವಳಿಗೆ ಇಷ್ಟವಾಯಿತು.

ಇನ್ನೊಬ್ಬಳು "ನೋವು ಶುರುವಾದ ತಕ್ಷಣ ಬೇಕು" ಅಂತ ಬರೆದುಕೊಟ್ಟಿದ್ದಳು. ಅವಳು ಆರಿಸಿದ ಪದ ನವಿಲು. ಮಂಚದ ಅಂಚು ಹಿಡಿದು ತೂಗಾಡುತ್ತಾ ಅದೇ ದೊಡ್ಡ ದನಿಯಲ್ಲಿ ಗಂಟೆಗಟ್ಟಲೆ ಸಾಗಿದಳು. ಅವಳ ಅಮ್ಮ ಎರಡು ಸಲ ನನ್ನ ಹತ್ತಿರ ಬಂದು, "ಕೊಡಿಸಬಾರದಾ?" ಅಂದರು. "ಅವಳು ಇನ್ನೂ ಕೇಳಿಲ್ಲ ಅಮ್ಮಾ" ಅಂದೆ. ಮಗು ಬಂತು. ಮಗು ಎದೆಯ ಮೇಲೆ ಬಾಯಿ ತೆರೆದು ಹುಡುಕುತ್ತಿದ್ದಾಗ ಅವಳು ನನ್ನ ಕಡೆ ತಿರುಗಿದಳು.

"ನವಿಲು ನಾಲಿಗೆ ತುದಿಯಲ್ಲೇ ಇತ್ತು ಅಕ್ಕಾ. ಅಂದರೆ ಸಾಕು, ನೀವು ಎದ್ದು ಹೋಗ್ತೀರಿ ಅಂತ ಗೊತ್ತಿತ್ತು. ಹಾಗಾಗಿ ಇನ್ನೊಂದು ನೋವು ಮುಗಿಯಲಿ, ಇನ್ನೊಂದು ಮುಗಿಯಲಿ ಅಂದುಕೊಂಡೆ."