ಉಪ್ಪಿನಕಾಯಿ ಬಾಟಲಿಗೆ ಪ್ರಾಣಾಯಾಮ: ಮೂರು ಭಾನುವಾರಗಳ ಕೆಲಸ

ಇದೆಲ್ಲ ಶುರುವಾದದ್ದು ಅಮ್ಮನಿಂದ. ಬೆಳಿಗ್ಗೆ ಕಪಾಲಭಾತಿ ಮುಗಿಸಿ ಬಂದವರು, "ಉಸಿರು ಸರಿಯಾಗಿ ಎಳೆದರೆ ತಲೆಯೊಳಗಿನ ಕೊಳೆಯೆಲ್ಲ ತೊಳೆದು ಹೋಗುತ್ತಂತೆ ಕಣೇ" ಅಂದರು. ಯೋಗ ಕ್ಲಾಸಿನಲ್ಲಿ ಯಾರೋ ಹೇಳಿದ್ದಂತೆ. ನಾನು ನಕ್ಕೆ. ಆಮೇಲೆ ಸ್ವಲ್ಪ ಓದಿ ನೋಡಿದೆ, ನಗು ನಿಂತಿತು.

ನಮ್ಮ ಮಿದುಳು ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಅದೇ ದ್ರವ ಬೆನ್ನುಹುರಿಯ ಸುತ್ತಲೂ ಇದೆ. ಒಂದು ಹೊತ್ತಿಗೆ ಇರುವುದು ಸುಮಾರು 150 ಎಂಎಲ್. ಆದರೆ ದಿನಕ್ಕೆ ಹೊಸದಾಗಿ ಹುಟ್ಟುವುದು ಸುಮಾರು 500 ಎಂಎಲ್. ಉಸಿರು ಎಳೆದಾಗ ಎದೆಯೊಳಗಿನ ಒತ್ತಡ ಇಳಿಯುತ್ತದೆ, ತಲೆಯ ರಕ್ತನಾಳಗಳಿಂದ ರಕ್ತ ಕೆಳಗಿಳಿಯುತ್ತದೆ. ತಲೆಬುರುಡೆ ಗಟ್ಟಿ ಡಬ್ಬಿ, ಕುಗ್ಗುವ ಹಾಗಿಲ್ಲ. ಖಾಲಿಯಾದ ಜಾಗಕ್ಕೆ ಬೆನ್ನಿನ ಕಡೆಯಿಂದ ದ್ರವ ಮೇಲೇರುತ್ತದೆ. 2015ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಎಂಆರ್‌ಐ ಯಂತ್ರದೊಳಗೆ ಇದನ್ನು ನೇರವಾಗಿ ನೋಡಿದ್ದಾರೆ.

ಓದಿದ್ದು ತಲೆಗೆ ಹೋಯಿತು, ಕೈಗೆ ಹೋಗಲಿಲ್ಲ. ಹಾಗಾಗಿ ಮಾಡೆಲ್ ಮಾಡೋಣ ಅಂದುಕೊಂಡೆ.

ಮೊದಲ ಭಾನುವಾರ ಪೂರ್ತಿ ಹಾಳು. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯೇ ತಲೆಬುರುಡೆ. ಒಳಗೆ ನೀರು ತುಂಬಿದ ಬಲೂನು, ಅದು ರಕ್ತನಾಳ. ಬಲೂನಿಗೆ ನಳಿಕೆ ಹಾಕಿ ಹೊರಗೆ ಒಂದು ಸಿರಿಂಜ್, ಅದು ಎದೆ. ಇನ್ನೊಂದು ನಳಿಕೆ ಕೆಳಗಿರುವ ಲೋಟದ ನೀರಿಗೆ, ಅದು ಬೆನ್ನು. ಸಿರಿಂಜ್ ಎಳೆದೆ. ಬಲೂನು ಕುಗ್ಗಿತು, ಜೊತೆಗೆ ಬಾಟಲಿಯೂ ಕಟಕ್ ಅಂತ ಒಳಕ್ಕೆ ಮಡಚಿಕೊಂಡಿತು. ಲೋಟದಿಂದ ಒಂದು ಹನಿಯೂ ಏರಲಿಲ್ಲ. ತಲೆಬುರುಡೆ ಯಾಕೆ ಗಟ್ಟಿ ಇರಬೇಕು ಅನ್ನೋದು ಗೊತ್ತಾದದ್ದು ಆಗಲೇ.

ಎರಡನೇ ವಾರ ಗಾಜಿನ ಬಾಟಲಿ ಬೇಕಾಯಿತು. ಅಡುಗೆಮನೆಯಲ್ಲಿ ಸಿಕ್ಕಿದ್ದು ಮಾವಿನ ಉಪ್ಪಿನಕಾಯಿಯದ್ದು ಒಂದೇ. ಮೂರು ಸಲ ತೊಳೆದರೂ ಇಂಗಿನ ವಾಸನೆ ಹೋಗಿಲ್ಲ, ಈ ಮಿದುಳಿಗೆ ಅದೇ ಗತಿ. ಮುಚ್ಚಳಕ್ಕೆ ಎರಡು ತೂತು ಕೊರೆದು, ಮೆಡಿಕಲ್ ಶಾಪಿನಿಂದ ತಂದ ಡ್ರಿಪ್ ನಳಿಕೆ ತೂರಿಸಿ, ಸುತ್ತ ಎಂ-ಸೀಲ್ ಮೆತ್ತಿದೆ. ಒಣಗುವ ಮುಂಚೆಯೇ ಆತುರಪಟ್ಟೆ. ಬಾಟಲಿ ತಲೆಕೆಳಗು ಮಾಡಿ ಎಳೆದರೆ ಲೋಟದ ನೀರಿನ ಬದಲು ತೂತಿನಿಂದ ಗುಳುಗುಳು ಅಂತ ಗಾಳಿ! ರಾತ್ರಿಯಿಡೀ ಒಣಗಿಸಿದ ಮೇಲೆ ಸೋಮವಾರ ಬೆಳಿಗ್ಗೆ ಕೆಲಸ ಮಾಡಿತು. ಸಿರಿಂಜ್‌ನಲ್ಲಿ 1 ಎಂಎಲ್ ಎಳೆದರೆ ಸಣ್ಣ ನಳಿಕೆಯಲ್ಲಿ ನೀರು ಅರ್ಧ ಗೇಣಿಗಿಂತ ಜಾಸ್ತಿ ಮೇಲೇರುತ್ತೆ. ಅಮ್ಮನನ್ನು ಕರೆದು ತೋರಿಸಿದೆ. "ನೋಡಿದ್ಯಾ, ನಾನು ಹೇಳಿರಲಿಲ್ವಾ?" ಅಂದರು. ಆಮೇಲೆ, "ನನ್ನ ಉಪ್ಪಿನಕಾಯಿ ಎಲ್ಲಿ ಸುರಿದೆ?"

ಅಷ್ಟಕ್ಕೆ ಅಮ್ಮ ಗೆದ್ದರು ಅನ್ನೋಣ ಅಂದರೆ ಮೂರನೇ ಭಾನುವಾರ ಅಡ್ಡ ಬಂತು. ನಳಿಕೆಯೊಳಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಒಂದಿಷ್ಟು ಎಳೆದುಕೊಂಡು, ಅದರ ತುದಿಯನ್ನು ಮತ್ತೆ ಬರೀ ನೀರಿಗೆ ಇಟ್ಟೆ. ಐವತ್ತು ಸಲ ಸಿರಿಂಜ್ ಎಳೆದು ಬಿಟ್ಟೆ, ನಿಧಾನವಾಗಿ, ನಾನೂ ಜೊತೆಗೆ ಉಸಿರಾಡುತ್ತಾ. ನೀಲಿ ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ. ಕೊನೆಗೆ ನೋಡಿದರೆ ಹೊರಟ ಜಾಗದಲ್ಲೇ ಇದೆ. ಅಂಚು ಸ್ವಲ್ಪ ಮಸುಕಾಗಿದೆ, ಅಷ್ಟೇ. ಓಡಾಡಿದ್ದೆಲ್ಲ ನಿಜ, ತೊಳೆದು ಹೋದದ್ದು ಏನೂ ಇಲ್ಲ.

ಇದಾದ ಮೇಲೆ ಅಮೆರಿಕದ ಒರೆಗಾನ್‌ನಲ್ಲಿ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನವನ್ನು ಇನ್ನೊಮ್ಮೆ ಓದಿದೆ. ಯೋಗ ಅಭ್ಯಾಸವಿಲ್ಲದ 18 ಜನರಿಗೆ ಹೇಳಿಕೊಟ್ಟು, ಎಂಆರ್‌ಐ ಒಳಗೆ ಉಸಿರಾಡಿಸಿದ್ದರು. ತಲೆಬುರುಡೆ ಬೆನ್ನಿಗೆ ಸೇರುವ ಕಡೆ, ತಲೆಯತ್ತ ಏರುವ ದ್ರವದ ವೇಗ ಮಾಮೂಲಿ ಉಸಿರಾಟಕ್ಕಿಂತ 16ರಿಂದ 28 ಶೇಕಡಾ ಜಾಸ್ತಿ ಆಗಿತ್ತು. ಹೊಟ್ಟೆ ಉಬ್ಬಿಸಿ ಆಳವಾಗಿ ಎಳೆಯುವ ಉಸಿರಿಗೆ ಎಲ್ಲಕ್ಕಿಂತ ಹೆಚ್ಚು. ಆದರೆ ಅವರು ಅಳೆದದ್ದು ವೇಗವನ್ನು, ಕೊಳೆಯನ್ನಲ್ಲ. ಕಪಾಲಭಾತಿಯಂತೂ ಅದರಲ್ಲಿ ಇರಲೇ ಇಲ್ಲ. ಹೆಸರಿನಲ್ಲೇ 'ಹೊಳೆಯುವ ತಲೆಬುರುಡೆ' ಇರೋದರಿಂದ ಕ್ಲಾಸಿನವರು ಅದಕ್ಕೇ ಜೋಡಿಸಿಬಿಟ್ಟಿರಬೇಕು.

ಕೊಳೆ ತೊಳೆಯುವ ಮಾತು ಬಂದದ್ದು ಇಲಿಗಳಿಂದ. ಈ ದ್ರವ ಮಿದುಳಿನೊಳಕ್ಕೆ ನುಗ್ಗಿ ಕಸ ಹೊರತರುತ್ತದೆ ಅಂತ 2012ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನವರು ಹೇಳಿದರು. ನಿದ್ದೆಯಲ್ಲಿ ಇದು ಜೋರಾಗುತ್ತೆ ಅಂತ 2013ರಲ್ಲಿ ಸೇರಿಸಿದರು. 2024ರಲ್ಲಿ ಇನ್ನೊಂದು ತಂಡ ಇಲಿಗಳಲ್ಲೇ ಅಳೆದು, ನಿದ್ದೆಯಲ್ಲಿ ಕಡಿಮೆಯಾಗುತ್ತೆ ಅಂದಿತು. ಜಗಳ ನಡೀತಾ ಇದೆ.

ನನ್ನ ಮಾಡೆಲ್‌ಗೆ ಹೃದಯವೂ ಇಲ್ಲ. ಮಾಮೂಲಿ ಉಸಿರಾಟದಲ್ಲಿ ದ್ರವವನ್ನು ಜಾಸ್ತಿ ಅಲುಗಿಸುವುದು ಎದೆಬಡಿತವೇ. ಹೊಟ್ಟೆಯ ಆಳ ಉಸಿರಿನಲ್ಲಿ ಮಾತ್ರ ಉಸಿರು ಅದಕ್ಕೆ ಸರಿಸಾಟಿಯಾಗುತ್ತೆ ಅನ್ನೋದು ಅದೇ ಒರೆಗಾನ್ ಲೆಕ್ಕ. ಮುಂದಿನ ವಾರ ಇನ್ನೊಂದು ಚಿಕ್ಕ ಬಲೂನು, ಇನ್ನೊಂದು ಸಿರಿಂಜ್. ಅದನ್ನು ಬಡಿಯುವ ಕೆಲಸ ಅಮ್ಮನಿಗೆ. ಒಪ್ಪಿದ್ದಾರೆ, ಹೊಸ ಬಾಟಲಿ ತಂದುಕೊಡಬೇಕು ಅನ್ನೋ ಷರತ್ತಿನ ಮೇಲೆ.