38,000 ಪ್ಲೇಟ್‌ಲೆಟ್ ಮತ್ತು ಪರಂಗಿ ಎಲೆಯ ರಸ

ರಕ್ತಕಣ ಎಣಿಸುವ ಸೆಲ್ ಕೌಂಟರ್ ಮೆಷಿನ್‌ನಲ್ಲಿ ಪ್ಲೇಟ್‌ಲೆಟ್ ಕ್ಲಂಪ್ ಫ್ಲ್ಯಾಗ್, ಅಂದರೆ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿರಬಹುದೆಂಬ ಎಚ್ಚರಿಕೆ, ಬಿದ್ದರೆ ಆ ಸಂಖ್ಯೆಯನ್ನು ನಂಬಬಾರದು, ಸ್ಮಿಯರ್ (ಗಾಜಿನ ಸ್ಲೈಡ್ ಮೇಲೆ ತೆಳುವಾಗಿ ಹರಡಿದ ರಕ್ತ) ನೋಡಿಯೇ ವರದಿ ಬಿಡಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲೇ ಹೇಳಿಕೊಡುವ ಪಾಠ ಇದು. ಆದರೆ ಮಂಡ್ಯದಲ್ಲಿ ನಾನು ಕೆಲಸ ಮಾಡುವ ಲ್ಯಾಬ್‌ಗೆ ಹೊಸ ಸಾಫ್ಟ್‌ವೇರ್ ಬಂದ ಮೇಲೆ ಆಡಳಿತದವರು ರಕ್ತಕಣಗಳ ಎಣಿಕೆಯ ಸಿಬಿಸಿ ಪರೀಕ್ಷೆಯನ್ನು ಆಟೋ ವೆರಿಫೈಗೆ, ಅಂದರೆ ಯಾರೂ ನೋಡದೆ ತಾನಾಗಿ ವರದಿ ಹೋಗುವಂತೆ, ಹಾಕಿಸಿಬಿಟ್ಟರು. ಮೆಷಿನ್ ಎಣಿಸಿದ ಮರುಕ್ಷಣ ಪಿಡಿಎಫ್ ರೋಗಿಯ ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ. ಲ್ಯಾಬ್‌ನ ವೈದ್ಯರಾದ ಪೆಥಾಲಜಿಸ್ಟ್ ನೋಡಿರುವುದಿಲ್ಲ, ಚೀಟಿ ಬರೆದ ವೈದ್ಯರೂ ನೋಡಿರುವುದಿಲ್ಲ. ಬೇಡವೆಂದು ನಾವು ಹೇಳಿದ್ದೆವು. ‘ಎಲ್ಲ ಕಡೆಯೂ ಹೀಗೇ ಕೊಡುತ್ತಾರೆ’ ಎಂದರು.

ಮಳೆಗಾಲ, ಡೆಂಗಿ ಹೆಚ್ಚುವ ಕಾಲ. ಸಂಜೆಯ ಪಾಳಿಯಲ್ಲಿ ರ್‍ಯಾಕ್ ತುಂಬ ಜ್ವರದ ಸ್ಯಾಂಪಲ್‌ಗಳು. ಒಬ್ಬ ಯುವಕನ ಕೌಂಟ್ 38,000 ಎಂದು ಬಂತು, ಪಕ್ಕದಲ್ಲೇ ಫ್ಲ್ಯಾಗ್. ಸ್ಲೈಡ್ ಎಳೆದು ಲೀಶ್‌ಮನ್ ಸ್ಟೇನ್ ಎಂಬ ಬಣ್ಣ ಹಾಕಿದೆ. ಅದು ಒಣಗುವಷ್ಟರಲ್ಲಿ ಲ್ಯಾಬ್‌ನ ಫೋನ್ ಬಡಿದುಕೊಂಡಿತು.

‘ಮೇಡಂ, ನನ್ನ ತಮ್ಮನಿಗೆ ಪ್ಲೇಟ್‌ಲೆಟ್ 38,000ಕ್ಕೆ ಇಳಿದಿದೆ. ನೆಟ್‌ನಲ್ಲಿ ನೋಡಿದೆವು, ಒಳಗೇ ರಕ್ತಸ್ರಾವ ಆಗುತ್ತದಂತೆ. ಪರಂಗಿ ಎಲೆ ಅರೆದು ರಸ ಕುಡಿಸಿದೆವು. ಆಗಿನಿಂದ ವಾಂತಿ ಮಾಡಿಕೊಳ್ಳುತ್ತಿದ್ದಾನೆ. ವಾಂತಿಯಾದರೆ ಅಪಾಯ ಎಂದೂ ಅದರಲ್ಲೇ ಬರೆದಿದೆ. ಕಾರು ಮಾಡಿಕೊಂಡು ಮೈಸೂರಿಗೆ ಹೊರಟಿದ್ದೇವೆ. ರಕ್ತ ಕೊಡಲು ಊರಿನ ಹುಡುಗರೂ ಜೊತೆಗಿದ್ದಾರೆ.’

ಅವರು ಓದಿದ್ದು ಪೂರ್ತಿ ಸುಳ್ಳಲ್ಲ. ಡೆಂಗಿಯಲ್ಲಿ ಬಿಡದೆ ಆಗುವ ವಾಂತಿ ಅಪಾಯದ ಸೂಚನೆಯೇ ಹೌದು. ಆದರೆ ಈ ಹುಡುಗನಿಗೆ ಡೆಂಗಿ ಇದೆ ಎಂದು ಇನ್ನೂ ಯಾರೂ ಹೇಳಿರಲಿಲ್ಲ. ಖಾಲಿ ಹೊಟ್ಟೆಗೆ ಕಹಿ ರಸ ಬಿದ್ದದ್ದು ಮೊಬೈಲ್‌ಗೆ ತಿಳಿಯದು. ತಾವೇ ಕುಡಿಸಿದ ರಸದಿಂದ ವಾಂತಿ ಬಂದು, ಆ ವಾಂತಿಯೇ ಕಾಯಿಲೆಗೆ ಸಾಕ್ಷಿಯಾಗಿ ನಿಂತಿತ್ತು.

‘ಮೆಷಿನ್ ಎಣಿಕೆ ಸರಿಯಿಲ್ಲದಿರಬಹುದು, ಸ್ವಲ್ಪ ತಾಳಿ’ ಎಂದೆ. ಆತನ ದನಿ ಗಟ್ಟಿಯಾಯಿತು. ‘ಸರಿಯಿಲ್ಲದಿದ್ದರೆ ಏಕೆ ಕಳಿಸಿದಿರಿ?’ ನ್ಯಾಯವಾದ ಪ್ರಶ್ನೆ. ಉತ್ತರ ಕೊಡಬೇಕಾದ ಆಡಳಿತದವರು ಆ ಹೊತ್ತಿಗೆ ಮನೆ ಸೇರಿದ್ದರು. ಒಸಡಿನಲ್ಲಿ ರಕ್ತ ಬಂದಿದೆಯೇ, ಹೊಟ್ಟೆ ನೋವಿದೆಯೇ, ಮೂತ್ರ ಹೋಗುತ್ತಿದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡು ಪೆಥಾಲಜಿಸ್ಟ್‌ಗೆ ಫೋನ್ ಮಾಡಿದೆ. ಅವರು ಕೆಳಗಿಳಿದು ಬರುವವರೆಗೆ ಮೈಕ್ರೋಸ್ಕೋಪ್‌ನ ಆಯಿಲ್ ಇಮ್ಮರ್ಶನ್ ಲೆನ್ಸ್‌ನಲ್ಲಿ ಸ್ಮಿಯರ್‌ನ ತುದಿಯನ್ನು (ಟೇಲ್ ಎಂಡ್) ಹುಡುಕಿದೆ. ಅಲ್ಲಿದ್ದವು ಪ್ಲೇಟ್‌ಲೆಟ್‌ಗಳು, ಒದ್ದೆ ಕೈಗೆ ಮೆತ್ತಿದ ರಾಗಿಯಂತೆ ಗುಂಪುಗುಂಪಾಗಿ.

ಕೆಲವರ ರಕ್ತದಲ್ಲಿ ಹೀಗಾಗುತ್ತದೆ. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಇಡಿಟಿಎ ಇರುತ್ತದೆ. ಅದರ ಸಂಪರ್ಕಕ್ಕೆ ಬಂದಾಗ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೆಷಿನ್ ಗಾತ್ರ ನೋಡಿ ಎಣಿಸುವುದರಿಂದ ಇಡೀ ಗುಂಪು ಲೆಕ್ಕಕ್ಕೇ ಸಿಗುವುದಿಲ್ಲ. ದೇಹದೊಳಗೆ ಪ್ಲೇಟ್‌ಲೆಟ್ ಕಡಿಮೆಯಾಗಿರುವುದಿಲ್ಲ, ಟ್ಯೂಬ್‌ನಲ್ಲಿ ಮಾತ್ರ ಕಡಿಮೆ ಕಾಣುತ್ತದೆ.

ಪೆಥಾಲಜಿಸ್ಟ್ ಸ್ಲೈಡ್ ನೋಡಿ ತಾವೇ ಆ ಅಣ್ಣನೊಡನೆ ಮಾತಾಡಿದರು. ಯಲಿಯೂರಿನ ಬಳಿ ಕಾರು ತಿರುಗಿತು. ಚೀಟಿ ಬರೆದಿದ್ದ ವೈದ್ಯರೇ ಹುಡುಗನನ್ನು ನೋಡಿ ವಾಂತಿಗೆ ಔಷಧಿ ಕೊಟ್ಟರು. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್‌ನಲ್ಲಿ ಮತ್ತೆ ರಕ್ತ ತೆಗೆದೆವು. 1,74,000 ಬಂತು, ಟ್ಯೂಬ್‌ನಲ್ಲಿರುವ ದ್ರವದ ಪಾಲಿಗೆಂದು 1.1ರಿಂದ ಗುಣಿಸಿದರೆ 1,91,400. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರಿರಲಿಲ್ಲ, ಡೆಂಗಿ ಪತ್ತೆಯ ಎನ್‌ಎಸ್1 ಪರೀಕ್ಷೆ ನೆಗೆಟಿವ್. 38,000 ನಿಜವೇ ಆಗಿದ್ದರೂ ರಕ್ತಸ್ರಾವವಿಲ್ಲದೆ ಹೊರಗಿನಿಂದ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಜೊತೆಗೆ ಹೊರಟಿದ್ದ ಹುಡುಗರಿಗೆ ಇದನ್ನು ಯಾವ ಪುಟ ಹೇಳಿತ್ತು?

ಇದಕ್ಕಿಂತ ನನ್ನನ್ನು ಹೆದರಿಸುವುದು ಧೈರ್ಯ ಕೊಡುವ ಹುಡುಕಾಟ. ಜ್ವರ ಇಳಿಯಿತು, ಪ್ಲೇಟ್‌ಲೆಟ್ ಲಕ್ಷದ ಮೇಲಿದೆ, ನೆಟ್‌ನಲ್ಲಿ ನೋಡಿದೆವು, ಪರವಾಗಿಲ್ಲವಂತೆ ಎಂದು ಮರುಪರೀಕ್ಷೆಗೆ ಬಾರದವರಿದ್ದಾರೆ. ಡೆಂಗಿಯಲ್ಲಿ ರಕ್ತನಾಳದಿಂದ ದ್ರವ ಸೋರುವ ಗಂಡಾಂತರ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ, ಜ್ವರ ಶುರುವಾದ ಮೂರರಿಂದ ಏಳನೇ ದಿನದೊಳಗೆ. ಆಗ ರೋಗಿಯನ್ನು ಕಣ್ಣಾರೆ ಕಾಣಬೇಕು; ನಾಡಿ, ರಕ್ತದೊತ್ತಡ, ಹಿಮಟೋಕ್ರಿಟ್ ಎಲ್ಲವನ್ನೂ ನೋಡಬೇಕು. ಒಂದು ಸಂಖ್ಯೆಯನ್ನು ಹುಡುಕುವ ಪೆಟ್ಟಿಗೆಗೆ ಹಾಕಿ ಇದನ್ನು ತಿಳಿಯಲಾಗದು.

ಆ ಮನೆಯವರನ್ನು ನಾನು ದೂರುವುದಿಲ್ಲ. ಕೆಂಪಕ್ಷರದಲ್ಲಿ 38,000 ಎಂದು ಕಳಿಸಿ, ಕೆಳಗೆ ‘ಕ್ಲಿನಿಕಲಿ ಕೋರಿಲೇಟ್’ (ರೋಗಿಯ ಸ್ಥಿತಿಯೊಡನೆ ಹೋಲಿಸಿ ನೋಡಿ) ಎಂದು ಇಂಗ್ಲಿಷಿನಲ್ಲಿ ಬರೆದು ಕೈತೊಳೆದುಕೊಂಡವರು ನಾವು. ಕೇಳಲು ಎದುರಿಗೆ ಯಾರೂ ಇಲ್ಲದಾಗ ಜನ ಮೊಬೈಲನ್ನೇ ಕೇಳುತ್ತಾರೆ.

ಗಲಾಟೆಯಾದ ಮೇಲೆ ಫ್ಲ್ಯಾಗ್ ಬಿದ್ದ ವರದಿಗಳನ್ನು ತಡೆಹಿಡಿಯಲು ಆಡಳಿತದವರು ಒಪ್ಪಿದರು. ‘ಈ ಎಣಿಕೆ ಖಚಿತವಲ್ಲ, ವೈದ್ಯರನ್ನು ಕಾಣಿರಿ’ ಎಂಬ ಒಂದು ಸಾಲು ಕನ್ನಡದಲ್ಲಿ ಬರಲಿ ಎಂದು ಕೇಳಿದೆವು. ಕನ್ನಡ ಹಾಕಿದರೆ ಪಿಡಿಎಫ್‌ನಲ್ಲಿ ಬರೀ ಚೌಕಗಳು ಬರುತ್ತಿವೆ. ಸಾಫ್ಟ್‌ವೇರ್ ಕಂಪನಿಗೆ ಬರೆದಿದ್ದೇವೆ ಎನ್ನುತ್ತಾರೆ. ಸದ್ಯಕ್ಕೆ ಕೌಂಟರ್‌ನಲ್ಲಿ ರಬ್ಬರ್ ಸ್ಟಾಂಪ್ ಮಾಡಿಸಿಟ್ಟಿದ್ದೇವೆ, ಕಾಗದದ ಪ್ರತಿಗೆ ಒತ್ತುತ್ತೇವೆ. ಮೊಬೈಲ್‌ಗೆ ಹೋಗುವ ಪ್ರತಿಯಲ್ಲಿ ಆ ಸಾಲು ಇನ್ನೂ ಇಲ್ಲ.