ಆ ಕಡೆ ಹೋದ್ರ ಮೈನಸ್ ಯಾಕ?

ನಿನ್ನೆ ರಾತ್ರಿ ಮಗಳು 3ಎಕ್ಸ್ + 200 = 800 ಬಿಡಿಸುತ್ತಾ ಕೂತಿದ್ದಳು. "ಪಪ್ಪಾ, 200 ಆ ಕಡೆ ಹೋದ್ರ ಮೈನಸ್ ಯಾಕ ಆಗ್ತದ?" ಅಂದಳು. ನನಗೆ ಗೊತ್ತಿದ್ದ ಉತ್ತರ ಒಂದೇ: "ಹಂಗೇ ಆಗ್ತದ."

ನಮ್ಮದು ಕಲಬುರಗಿಯಲ್ಲಿ ಸಣ್ಣ ಕಿರಾಣಿ ಅಂಗಡಿ. ಬೆಳಿಗ್ಗೆ ಅಪ್ಪನ ಕಾಲದ ತಕ್ಕಡಿ ಅಟ್ಟದಿಂದ ಇಳಿಸಿದೆ. ಎಡಗಡೆ ತೊಗರಿಬೇಳೆಯ ಮೂರು ಸಮ ಪೊಟ್ಟಣ, ಜೊತೆಗೆ 200 ಗ್ರಾಂ ಕಲ್ಲು. ಬಲಗಡೆ 500, 200, 100ರ ಕಲ್ಲುಗಳು. ಮುಳ್ಳು ನಡುವೆ ನಿಂತಿತು. "ಎಡಗಡೆ 200 ತೆಗಿ" ಅಂದೆ. ತೆಗೆದಳು. ಬಲಗಡೆ ಧಪ್ ಅಂತ ಕೆಳಗೆ ಕೂತಿತು. ನಾನು ಬಾಯಿ ಬಿಡುವ ಮೊದಲೇ ಆ ಕಡೆಯ 200 ಕೂಡ ತೆಗೆದಳು. ಮತ್ತೆ ಸಮ.

"ಅಂದ್ರ ಅದು ಎಲ್ಲೂ ಹೋಗಂಗಿಲ್ಲ! ಎರಡೂ ಕಡೆ ತೆಗಿತೀವಿ ಅಷ್ಟೇ!"

ಉಳಿದ 600ಕ್ಕೆ ಮೂರು ಪೊಟ್ಟಣ, ತಲಾ 200. ಅದೇ ಎಕ್ಸ್. ನಾನು ಇಷ್ಟು ವರ್ಷ ಸುಮ್ನೆ ಬಾಯಿಪಾಠ ಮಾಡಿಕೊಂಡಿದ್ದೆ, ನೋಡಿ.

ಆಮೇಲೆ ಮಗಳಿಗೆ ನಮ್ಮ ಕಡೆಯ ಹಳೇ ಗಣಿತಜ್ಞರೊಬ್ಬರ ಸುದ್ದಿಯನ್ನೂ ಹೇಳಿದೆ. ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದವರು. ನೃಪತುಂಗನ ರಾಜಧಾನಿ ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಆಗಲೇ ಹೇಳಿದ್ದರು. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಅಂತಲೂ ಬರೆದುಬಿಟ್ಟರು, ಅದು ತಪ್ಪು. ಮಗಳಿಗೆ ಜಾಸ್ತಿ ಖುಷಿಯಾಗಿದ್ದು ಈ ತಪ್ಪಿನ ಸುದ್ದಿ ಕೇಳಿಯೇ.

ತಕ್ಕಡಿ ಇನ್ನೂ ಗಲ್ಲಾದ ಪಕ್ಕದಲ್ಲೇ ಇದೆ. ಬಂದ ಗಿರಾಕಿಯೆಲ್ಲ "ಕರೆಂಟ್ ಇಲ್ಲೇನ್ರಿ?" ಅಂತಿದ್ದಾರೆ.